ಬ್ಯಾಂಕಾಕ್‌ನಿಂದ ಆಯುಧಪೂಜೆಗೆ ವಾಪಸ್ ಬಂದ ಮೇಷ್ಟ್ರು

"ಮೇಡಂ, ಹೊರದೇಶದಲ್ಲಿ ನಮ್ಮಂಥವರಿಗೆ ಇಂಗ್ಲಿಷ್ ಟೀಚರ್ ಕೆಲಸ ಸಿಗುತ್ತಾ?"

ವರ್ಷಕ್ಕೆ ಇಬ್ಬರೋ ಮೂವರೋ ಬಂದು ನನ್ನನ್ನು ಹೀಗೆ ಕೇಳುತ್ತಾರೆ. ತುಮಕೂರಿನ ಖಾಸಗಿ ಶಾಲೆಗಳಲ್ಲಿ 20 ವರ್ಷಕ್ಕಿಂತ ಜಾಸ್ತಿ ಇಂಗ್ಲಿಷ್ ಪಾಠ ಮಾಡಿದವಳು ನಾನು. ನಾನೇನೂ ಹೊರದೇಶಕ್ಕೆ ಹೋಗಿಲ್ಲ. ನನ್ನ ಜೊತೆ ಕೆಲಸ ಮಾಡಿದ ಹುಡುಗನೊಬ್ಬ ಹೋದ, ವಾಪಸ್ ಬಂದ, ಮತ್ತೆ ಹೋದ. ನಡುವಿನ ಆರು ತಿಂಗಳು ಅವನ ಕಾಗದಪತ್ರಗಳು ನಮ್ಮ ಮನೆಯ ಊಟದ ಮೇಜಿನ ಮೇಲೇ ಇದ್ದವು. ಹಾಗಾಗಿ ಕೇಳಲು ಬಂದವರಿಗೆಲ್ಲ ಅವನ ಕಥೆಯನ್ನೇ ಹೇಳುತ್ತೇನೆ. ಈಗ ಅವನ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಇಲ್ಲಿ ಅವನ ಹೆಸರು ಮಂಜು. ನಿಜವಾದ ಹೆಸರು ಅದಲ್ಲ. ಊರು, ಶಾಲೆ, ಏಜೆಂಟ್ ಯಾವುದರ ಗುರುತೂ ಸಿಗದ ಹಾಗೆ ನೋಡಿಕೊಂಡಿದ್ದೇನೆ.

ಐದನೇ ಕ್ಲಾಸಿನಲ್ಲಿ ಎಬಿಸಿಡಿ

ಮಂಜು ತುಮಕೂರು ಜಿಲ್ಲೆಯ ತೆಂಗಿನ ಸೀಮೆಯವನು. ಅಪ್ಪನಿಗೆ ಒಂದಿಷ್ಟು ತೆಂಗಿನ ತೋಟ, ಕೊಬ್ಬರಿ ರೇಟು ಏರಿದ ವರ್ಷ ಮನೆಗೆ ಬಣ್ಣ, ಇಳಿದ ವರ್ಷ ಸಾಲ. ಓದಿದ್ದು ಸರ್ಕಾರಿ ಕನ್ನಡ ಶಾಲೆಯಲ್ಲಿ. ಆಗಿನ್ನೂ ನಮ್ಮ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೇ ಕ್ಲಾಸಿನಿಂದ. ಒಂದನೇ ಕ್ಲಾಸಿಗೆ ಅದು ಬಂದದ್ದು 2007ರಲ್ಲಿ. ಹಾಗಾಗಿ ಮಂಜು 2004ರಲ್ಲಿ, ಹತ್ತು ವರ್ಷದವನಿದ್ದಾಗ, ಮೊದಲ ಸಲ ಎಬಿಸಿಡಿ ಬರೆದ. ಆಮೇಲೆ ಬಿ.ಎ., ಬಿ.ಎಡ್. ನಮ್ಮ ಶಾಲೆಗೆ ಬಂದಾಗ ಸಂಬಳ 11 ಸಾವಿರ, ಬಿಡುವಾಗ 16 ಸಾವಿರ.

ಪಾಠ ಚೆನ್ನಾಗಿ ಮಾಡುತ್ತಿದ್ದ. ಆದರೆ ಸ್ಟಾಫ್ ರೂಮಿನಲ್ಲಿ ಇಂಗ್ಲಿಷ್ ಮಾತಾಡಲು ಹಿಂಜರಿಯುತ್ತಿದ್ದ. ಕಾನ್ವೆಂಟ್‌ನಲ್ಲಿ ಓದಿದವರ ಮುಂದೆ ಅವನ ದನಿ ತಾನಾಗಿಯೇ ಇಳಿಯುತ್ತಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದೆ ಇವನನ್ನು ಕಾಪಾಡಿದ್ದು ಈ ಐದನೇ ಕ್ಲಾಸಿನ ಎಬಿಸಿಡಿಯೇ.

85 ಸಾವಿರದ ಪ್ಯಾಕೇಜ್

2024ರ ಜುಲೈಯಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಇರಲು ಬಿಟ್ಟಿತು. ಅದಕ್ಕೆ ಮೊದಲು 30 ದಿನ ಇತ್ತು. ಬೆಂಗಳೂರಿನ ಒಬ್ಬ ಏಜೆಂಟ್ ಅದನ್ನೇ ಬಂಡವಾಳ ಮಾಡಿಕೊಂಡ. "ಟೂರಿಸ್ಟ್ ಆಗಿ ಹೋಗಿ, ಅಲ್ಲೇ ಇದ್ದು ಕೆಲಸ ಹುಡುಕಿ, ಅಲ್ಲೇ ವೀಸಾ ಬದಲಿಸಿಕೊಳ್ಳಿ. ನಮ್ಮ ಹುಡುಗರು ನೂರಾರು ಜನ ಇದ್ದಾರೆ." ಆನ್‌ಲೈನ್‌ನಲ್ಲಿ 120 ಗಂಟೆಯ ಟೆಫಲ್ ಕೋರ್ಸು (ಹೊರದೇಶದವರಿಗೆ ಇಂಗ್ಲಿಷ್ ಕಲಿಸುವ ತರಬೇತಿ), ಸಿ.ವಿ. ಬರೆದು ಕೊಡುವುದು, ಶಾಲೆಗಳಿಗೆ ಟೀಚರ್ ಒದಗಿಸುವ ಅಲ್ಲಿನ ಒಂದು ಏಜೆನ್ಸಿಯ ಪರಿಚಯ, ಎಲ್ಲ ಸೇರಿ 85 ಸಾವಿರ. ಅಮ್ಮನ ಸರ ಅಡವಿಟ್ಟು ಕಟ್ಟಿದರು.

ನನ್ನನ್ನು ಕೇಳಿದ್ದ. ನಾನು "ಹೋಗಪ್ಪ, ವಯಸ್ಸಿದೆ" ಅಂದೆ. ಒಂದು ಕಾಗದವನ್ನೂ ತೋರಿಸು ಅನ್ನಲಿಲ್ಲ. ಆ ತಪ್ಪು ನನ್ನದೇ.

ಹೊರದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ನೋಂದಾಯಿತರು ತೆಗೆದುಕೊಳ್ಳಬಹುದಾದ ಸೇವಾಶುಲ್ಕಕ್ಕೂ 30 ಸಾವಿರ ಮತ್ತು ಜಿಎಸ್‌ಟಿ ಅಂತ ಮಿತಿ ಇದೆ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಹೆಸರು ಹಾಕಿ ನೋಡಿದರೆ ಐದು ನಿಮಿಷದ ಕೆಲಸ. ನಾವು ನೋಡಿದ್ದು ದುಡ್ಡು ಹೋದಮೇಲೆ. ಆ ಏಜೆಂಟ್ ಅಲ್ಲಿ ಇರಲೇ ಇಲ್ಲ. ಕೇಳಿದ್ದಕ್ಕೆ, "ನಾವು ಕೆಲಸ ಕೊಡಿಸುವವರಲ್ಲ ಸರ್, ಟ್ರೈನಿಂಗ್ ಕೊಡುವವರು" ಅಂದರಂತೆ.

ಇನ್ನೊಂದು ವಿಷಯ. ಥಾಯ್ಲೆಂಡ್‌ನ ಶಾಲೆಯಲ್ಲಿ ಪಾಠ ಮಾಡಲು ಕಾನೂನು ಕೇಳುವುದು ಪದವಿ. ಟೆಫಲ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಬಾಗಿಲು ಮುಚ್ಚುವುದಿಲ್ಲ. ಕಾನೂನು ಕೇಳದೇ ಇದ್ದದ್ದನ್ನು ಮಂಜು ದುಡ್ಡು ಕೊಟ್ಟು ಕೊಂಡ. ಕೇಳುವುದರ ಮೂಲ ಪ್ರಮಾಣಪತ್ರ ತೆಗೆಸದೇ ಹೋದ.

60 ದಿನದ ಲೆಕ್ಕ

ಆಗಸ್ಟ್ 18ರಂದು ಬ್ಯಾಂಕಾಕ್ ಇಳಿದ. ಪಾಸ್‌ಪೋರ್ಟ್ ಮೇಲೆ ಅಕ್ಟೋಬರ್ 16ರವರೆಗೆ ಇರಬಹುದು ಅಂತ ಮುದ್ರೆ ಬಿತ್ತು. ಊರ ಹೊರಗೆ ಒಬ್ಬ ಫಿಲಿಪ್ಪೀನ್ಸ್ ಹುಡುಗನ ಜೊತೆ ರೂಮು. ತಿಂಗಳಿಗೆ 5,500 ಬಾತ್ (ಥಾಯ್ ಹಣ) ಬಾಡಿಗೆ, ಅರ್ಧ ಇವನದು. ಮನೆಯಲ್ಲಿ ಸಸ್ಯಾಹಾರ, ಅಲ್ಲಿ ಪಪ್ಪಾಯ ಸಲಾಡ್‌ಗೂ ಮೀನಿನ ಸಾಸ್. "ಜೇ" (ಸಸ್ಯಾಹಾರ) ಅಂತ ಹಳದಿ ಬೋರ್ಡ್ ಇರುವ ಅಂಗಡಿ ಹುಡುಕಿಕೊಳ್ಳುವವರೆಗೆ ಮೊದಲ ವಾರ ಬ್ರೆಡ್ಡು, ಬಾಳೆಹಣ್ಣು.

31 ಅರ್ಜಿ ಹಾಕಿದ. ಜಾಹೀರಾತುಗಳಲ್ಲಿ ಅರ್ಧಕ್ಕರ್ಧ "ನೇಟಿವ್ ಸ್ಪೀಕರ್ ಮಾತ್ರ" ಅಂತ ಇದ್ದವು. ಅಂದರೆ ಬ್ರಿಟನ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್ ಪಾಸ್‌ಪೋರ್ಟ್ ಇರುವವರು, ಕೆಲವು ಕಡೆ ದಕ್ಷಿಣ ಆಫ್ರಿಕಾದವರೂ. ಅಲ್ಲಿ ಇಂಗ್ಲಿಷ್ ಎಷ್ಟು ಬರುತ್ತದೆ ಅನ್ನುವ ಪ್ರಶ್ನೆಯೇ ಇಲ್ಲ, ಪಾಸ್‌ಪೋರ್ಟ್ ಬಣ್ಣ ಯಾವುದು ಅಂತ ಅಷ್ಟೇ. ಏಜೆಂಟ್ ಬರೆದುಕೊಟ್ಟ ಸಿ.ವಿ.ಯಲ್ಲಿ ಕನ್ನಡ ಶಾಲೆಯ ಸುದ್ದಿಯೇ ಇರಲಿಲ್ಲ. "ಚಿಕ್ಕಂದಿನಿಂದ ಇಂಗ್ಲಿಷ್ ವಾತಾವರಣ" ಅಂತ ಒಂದು ಸಾಲು ಇತ್ತು. ಸಂದರ್ಶನದಲ್ಲಿ ಅದರ ಬಗ್ಗೆ ಕೇಳಿದರೆ ಇವನ ಬಾಯಿ ಕಟ್ಟುತ್ತಿತ್ತು. ಸುಳ್ಳು ಹೇಳಿ ಅಭ್ಯಾಸ ಇಲ್ಲ.

31ರಲ್ಲಿ ಉತ್ತರ ಬಂದದ್ದು ಆರು. ಪಾಠ ಮಾಡಿ ತೋರಿಸು ಅಂದದ್ದು ಒಂದೇ ಶಾಲೆ. ಈಶಾನ್ಯ ಭಾಗದ ಸಣ್ಣ ಪಟ್ಟಣದ ಸರ್ಕಾರಿ ಶಾಲೆ. ಸೆಪ್ಟೆಂಬರ್ ನಡುವಿನಲ್ಲಿ ರಾತ್ರಿ ಬಸ್ಸಿನಲ್ಲಿ ಹೋದ.

ಆ ಪಾಠದ ಕಥೆಯನ್ನು ಇವನ ಬಾಯಲ್ಲಿ ನಾನು ನಾಲ್ಕು ಸಲವಾದರೂ ಕೇಳಿದ್ದೇನೆ, ಬೇಜಾರಾಗಿಲ್ಲ. ಮಕ್ಕಳಿಗೆ ಆ್ಯಪಲ್, ಸ್ಕೂಲ್, ಬಸ್ ಅಂತ ಓದಿಸಿದ. ಅವರ ಬಾಯಲ್ಲಿ ಅದು ಆಪ್ಪೆನ್, ಸಕೂನ್, ಬಾಟ್ ಆಗಿ ಬಂತು. ಥಾಯ್ ಭಾಷೆಯಲ್ಲಿ ಪದದ ಕೊನೆಗೆ ಬರುವ ಲಕಾರ ನಕಾರ ಆಗುತ್ತದೆ, ಸಕಾರ ಟಕಾರದ ಹಾಗೆ ನಿಂತುಬಿಡುತ್ತದೆ. ಎರಡು ವ್ಯಂಜನ ಒಟ್ಟಿಗೆ ಬಂದರೆ ನಡುವೆ ಒಂದು ಸ್ವರ ತೂರಿಕೊಳ್ಳುತ್ತದೆ. ತಪ್ಪು ಅಂತ ಹೇಳಲು ಬಾಯಿ ತೆರೆದವನಿಗೆ ತನ್ನ ಅಜ್ಜಿ ನೆನಪಾದಳಂತೆ. ಇಸ್ಕೂಲು, ಬಸ್ಸು, ಪೆನ್ನು, ಕಾರು. ಅವರು ಪದದ ಬಾಲ ಕತ್ತರಿಸುತ್ತಾರೆ, ನಾವು ಬಾಲ ಅಂಟಿಸುತ್ತೇವೆ!

ಬೋರ್ಡಿನ ಮೇಲೆ ಬಸ್ ಅಂತ ಬರೆದು, ಅದಕ್ಕೊಂದು ಬಾಲ ಬಿಡಿಸಿ, "ನಮ್ಮೂರಿನಲ್ಲಿ ಇದು ಬಸ್ಸು" ಅಂದ. ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲೆ ಬಾಲ ಅಳಿಸಿ, ಹಾವಿನ ಹಾಗೆ ಬುಸ್ ಅನ್ನಿಸಿ, ಆ ಬುಸ್ಸನ್ನು ಪದದ ಕೊನೆಗೆ ಕೂಡಿಸಿದ. 40 ನಿಮಿಷದಲ್ಲಿ ಹಿಂದಿನ ಬೆಂಚಿನ ಹುಡುಗರೂ ಬಾಯಿ ಬಿಟ್ಟರು. ಇಂಗ್ಲಿಷನ್ನು ತೊಟ್ಟಿಲಲ್ಲೇ ಕಲಿತವರಿಗೆ ಈ ಪಾಠ ಹೊಳೆಯುವುದು ಕಷ್ಟ. ಆ ಜಾಗದಲ್ಲಿ ತಾವೇ ಎಡವಿದವರಿಗೆ ಮಾತ್ರ ಕಲ್ಲು ಎಲ್ಲಿದೆ ಅಂತ ಗೊತ್ತಿರುತ್ತದೆ, ಅಲ್ವಾ?

ನಾಲ್ಕು ದಿನ ಬಿಟ್ಟು ಶಾಲೆಯಿಂದ ಮೆಸೇಜ್ ಬಂತು. ಮೊದಲ ಸಾಲು: "ಈಗ ನಿಮ್ಮನ್ನು ತೆಗೆದುಕೊಳ್ಳಲು ಆಗುವುದಿಲ್ಲ." ಮಂಜು ಫೋನ್ ಮುಚ್ಚಿಟ್ಟ.

ಅಕ್ಟೋಬರ್ 4ರ ರಾತ್ರಿ

ಥಾಯ್ ಶಾಲೆಗಳಿಗೆ ಅಕ್ಟೋಬರ್‌ನಲ್ಲಿ ರಜೆ. ಎರಡನೇ ಟರ್ಮ್ ಶುರುವಾಗುವುದು ನವೆಂಬರ್‌ಗೆ. ರಜೆಯಲ್ಲಿ ಇಂಗ್ಲಿಷ್ ಕ್ಯಾಂಪ್‌ಗಳು ನಡೆಯುತ್ತವೆ. ಏಜೆಂಟ್ ಪರಿಚಯಿಸಿದ್ದ ಏಜೆನ್ಸಿ ಅಷ್ಟು ದಿನ ಸುಮ್ಮನಿದ್ದು ಈಗ ಕರೆಯಿತು. ಶುಕ್ರವಾರ ರಾತ್ರಿ ಮಂಜು ನನಗೆ ಫೋನ್ ಮಾಡಿದ.

"ಮೇಡಂ, ಸೋಮವಾರದಿಂದ ಕ್ಯಾಂಪ್. ದಿನಕ್ಕೆ 800 ಬಾತ್ ಕೈಗೇ ಕೊಡ್ತಾರಂತೆ. ನವೆಂಬರ್‌ನಿಂದ ಶಾಲೆ, 18 ಸಾವಿರ ಬಾತ್."

"ವರ್ಕ್ ಪರ್ಮಿಟ್?"

"ಆಮೇಲೆ ಮಾಡಿಸ್ತಾರಂತೆ. 16ನೇ ತಾರೀಕಿನೊಳಗೆ ಒಂದ್ಸಲ ಲಾವೋಸ್ ಗಡಿ ದಾಟಿ ವಾಪಸ್ ಬಂದ್ರೆ ಮತ್ತೆ ದಿನ ಸಿಗುತ್ತೆ ಅಂದ್ರು."

"ಬರೆದು ಕೊಟ್ಟಿದ್ದಾರಾ?"

ಆ ಕಡೆಯಿಂದ ಮಾತಿಲ್ಲ.

ಕೈಯಲ್ಲಿ ಉಳಿದಿದ್ದದ್ದು 9 ಸಾವಿರ ಬಾತ್. ಆಗಲೇ ಖರ್ಚಾಗಿದ್ದದ್ದು, ಏಜೆಂಟ್ ದುಡ್ಡೂ ಸೇರಿ, ಎರಡು ಲಕ್ಷದ ಹತ್ತಿರ. ಇಂಥ ಹೊತ್ತಿನಲ್ಲಿ ದಿನಕ್ಕೆ 800 ಬಾತ್ ಅಂದರೆ ಯಾರಿಗಾದರೂ ಆಸೆ ಆಗುತ್ತದೆ. ಅವನನ್ನು ತಡೆದದ್ದು ನಾನಲ್ಲ, ಆ ಫಿಲಿಪ್ಪೀನ್ಸ್ ಹುಡುಗ. ಅವನ ಪರಿಚಯದ ಒಬ್ಬಳು ಇದೇ ಥರ ಕ್ಯಾಂಪ್‌ಗೆ ಹೋಗಿ ತಪಾಸಣೆಯಲ್ಲಿ ಸಿಕ್ಕಿಬಿದ್ದಿದ್ದಳು. ವರ್ಕ್ ಪರ್ಮಿಟ್ ಇಲ್ಲದೆ ಕೆಲಸ ಮಾಡಿದರೆ ಅಲ್ಲಿ 5 ಸಾವಿರದಿಂದ 50 ಸಾವಿರ ಬಾತ್ ದಂಡ. ಅದರ ಜೊತೆ ದೇಶದಿಂದ ಹೊರಗೆ ಕಳಿಸುತ್ತಾರೆ, ಎರಡು ವರ್ಷ ಹೊಸ ಪರ್ಮಿಟ್ ಕೊಡುವುದಿಲ್ಲ. ಏಜೆನ್ಸಿಗೆ ಏನಾಯಿತು ಅಂತ ಮಂಜು ಕೇಳಿದ. "ಅದು ಹೊಸ ಟೀಚರ್ ಹುಡುಕಿತು" ಅಂದನಂತೆ.

ಅಲ್ಲೇ ಇದ್ದು ವೀಸಾ ಬದಲಿಸುವ ದಾರಿಯೂ ಅಷ್ಟರಲ್ಲಿ ಮುಚ್ಚಿತ್ತು. ಹಾಗೆ ಅರ್ಜಿ ಹಾಕುವಾಗ ಇರಲು ಕನಿಷ್ಠ 15 ದಿನ ಬಾಕಿ ಇರಬೇಕು. ಇವನಿಗೆ ಉಳಿದಿದ್ದದ್ದು 12. ಬಾಕಿ ಇದ್ದಿದ್ದರೂ ಶಾಲೆಯ ಕಾಗದಗಳೇ ಇರಲಿಲ್ಲವಲ್ಲ. "ಅಲ್ಲೇ ವೀಸಾ ಬದಲಿಸಿಕೊಳ್ಳಿ" ಅಂತ ಏಜೆಂಟ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಅದಕ್ಕೆ ಏನೇನು ಬೇಕು ಅನ್ನುವುದನ್ನು ಮಾತ್ರ ಹೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ಮಂಜು ಏಜೆನ್ಸಿಗೆ ಬರುವುದಿಲ್ಲ ಅಂತ ಬರೆದ. ವಾಪಸ್ ಟಿಕೆಟ್ ತೆಗೆದ.

"ಓಡಿಸ್ಬಿಟ್ರಾ?"

ಅಕ್ಟೋಬರ್ 11, ಆಯುಧಪೂಜೆ. ಬೆಂಗಳೂರಿನಿಂದ ಬಾಳೆಕಂದು ಕಟ್ಟಿದ, ಚೆಂಡುಹೂವಿನ ಹಾರ ಹಾಕಿದ ಬಸ್ಸಿನಲ್ಲಿ ಬಂದು ಕ್ಯಾತ್ಸಂದ್ರದಲ್ಲಿ ಇಳಿದ. ರಸ್ತೆ ತುಂಬ ಒಡೆದ ಬೂದುಗುಂಬಳ. ನೇರ ಊರಿಗೆ ಹೋಗಲು ಧೈರ್ಯ ಸಾಲದೆ ಮೊದಲು ನಮ್ಮ ಮನೆಗೆ ಬಂದ. ಕೊನೆಗೆ ಊರಿಗೆ ಹೋದಾಗ ಅವನ ಅಪ್ಪ ಹೇಳಿದ್ದು ಇಷ್ಟು: "ಬಂದ್ಯಾ? ಕೈಕಾಲು ತೊಳ್ಕೊ. ಪೂಜೆಗೆ ಹೊತ್ತಾಯ್ತು."

ಅಪ್ಪ ಬಿಟ್ಟರೂ ಊರು ಬಿಡಬೇಕಲ್ಲ. ಅರಳಿಕಟ್ಟೆ ಹತ್ತಿರ ಒಬ್ಬರು, "ಏನ್ಲಾ, ಓಡಿಸ್ಬಿಟ್ರಾ?" ಅಂದರು. ಮದುವೆಗೆ ಮಾತಾಡಿದ್ದ ಹುಡುಗಿಯ ಕಡೆಯವರು ಫೋನ್ ಎತ್ತುವುದು ನಿಲ್ಲಿಸಿದರು. ಇಂಥ ಎಷ್ಟೋ ಹುಡುಗರು ವಾಪಸ್ ಬರುವ ಬದಲು ಆ ಕ್ಯಾಂಪ್‌ಗೆ ಹೋಗುವುದು ದುಡ್ಡಿಗಲ್ಲ, ಅರಳಿಕಟ್ಟೆಯ ಈ ಮಾತಿಗೆ ಹೆದರಿ ಅಂತ ನನಗೆ ಅನ್ನಿಸುತ್ತದೆ.

ಎರಡು ವಾರದ ಮೇಲೆ ನಾನು ಆ ಈಶಾನ್ಯದ ಶಾಲೆಯ ಮೆಸೇಜ್ ತೋರಿಸು ಅಂದೆ. ಇವನು ಮೊದಲ ಸಾಲು ಮಾತ್ರ ಓದಿದ್ದ. ಕೆಳಗೆ ಇನ್ನೂ ಎಂಟು ಸಾಲು ಇತ್ತು. ಮೂಲ ಪದವಿ ಪ್ರಮಾಣಪತ್ರ ಬೇಕು, ತಾತ್ಕಾಲಿಕ ಪ್ರಮಾಣಪತ್ರ ಆಗದು. ಪದವಿ ನಿಜ ಅಂತ ವಿಶ್ವವಿದ್ಯಾಲಯದಿಂದ ಪತ್ರ ಬೇಕು. ಪೊಲೀಸ್ ಕ್ಲಿಯರೆನ್ಸ್ ಬೇಕು. ಇಂಗ್ಲಿಷ್ ಪರೀಕ್ಷೆ ಪಾಸಾಗಿರಬೇಕು: ಟೋಯಿಕ್‌ನಲ್ಲಿ 600 ಅಂಕ, ಇಲ್ಲವೇ ಐಇಎಲ್‌ಟಿಎಸ್. ಎಲ್ಲ ಕಾಗದದಲ್ಲೂ ಒಂದೇ ಹೆಸರು ಇರಬೇಕು. ಕೊನೆಯ ಸಾಲು: "ಮೇ ಟರ್ಮ್‌ಗೆ ನಿಮ್ಮ ಕಾಗದಗಳಿಗಾಗಿ ಕಾಯುತ್ತೇವೆ."

"ಅಯ್ಯೋ ಪೆದ್ದ, ಅವರು ನಿನ್ನನ್ನ ಬೇಡ ಅಂದಿಲ್ಲ ಕಣೋ. ಏನೇನು ಬೇಕು ಅಂತ ಪಟ್ಟಿ ಕೊಟ್ಟಿದ್ದಾರೆ" ಅಂದೆ.

ಊಟದ ಮೇಜು

ಎಲ್ಲಕ್ಕಿಂತ ಕಾಡಿದ್ದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಎರಡು ಇನಿಷಿಯಲ್. ಪದವಿಯಲ್ಲಿ ಒಂದೇ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಎರಡೂ. ನಮಗೆ ಇದು ಮಾಮೂಲಿ. ಥಾಯ್ ಗುಮಾಸ್ತರಿಗೆ ಅದು ಮೂರು ಬೇರೆ ಬೇರೆ ಮನುಷ್ಯರು. ಕೋರ್ಟ್ ಹತ್ತಿರ ನೋಟರಿಯಿಂದ ಮೂರೂ ಹೆಸರು ಒಬ್ಬನದೇ ಅಂತ ಅಫಿಡವಿಟ್ ಮಾಡಿಸಿದೆವು. ಶಾಲೆ ಅದನ್ನು ಒಪ್ಪಿಕೊಂಡಿತು.

ಎರಡನೆಯದು ಪದವಿ. ಇವನ ಹತ್ತಿರ ಇದ್ದದ್ದು ಪಿಡಿಸಿ, ಅಂದರೆ ತಾತ್ಕಾಲಿಕ ಪದವಿ ಪ್ರಮಾಣಪತ್ರ. ಪಾಸಾಗಿ ಒಂಬತ್ತು ವರ್ಷವಾದರೂ ಘಟಿಕೋತ್ಸವ ಪ್ರಮಾಣಪತ್ರಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ. ಇಲ್ಲಿ ಖಾಸಗಿ ಶಾಲೆಯವರು ಯಾರೂ ಕೇಳುವುದಿಲ್ಲ, ಹಾಗಾಗಿ ಯಾರೂ ತೆಗೆಸುವುದಿಲ್ಲ. ಅದು, ಆಮೇಲೆ ಪರಿಶೀಲನಾ ಪತ್ರ, ಎರಡೂ ಕೈಗೆ ಬರುವಷ್ಟರಲ್ಲಿ ಸಂಕ್ರಾಂತಿ ಮುಗಿದಿತ್ತು.

ಇಲ್ಲೂ ನಾನೊಂದು ಎಡವಟ್ಟು ಮಾಡಿದೆ. ಯಾರೋ ಹೇಳಿದ್ದು ಕೇಳಿ ಪದವಿಗೆ ಅಪಾಸ್ಟಿಲ್ ಹಾಕಿಸು ಅಂದೆ, ಅಂದರೆ ಕಾಗದ ಅಸಲಿ ಅಂತ ಒಂದು ಒಪ್ಪಂದಕ್ಕೆ ಸೇರಿದ ದೇಶಗಳು ಒಪ್ಪುವ ಮುದ್ರೆ. ಹಾಕಿಸಿದ. ಭಾರತ 2005ರಿಂದ ಆ ಒಪ್ಪಂದದಲ್ಲಿದೆ, ಸರಿ. ಆದರೆ ಥಾಯ್ಲೆಂಡ್ ಆಗ ಅದರಲ್ಲಿ ಇರಲಿಲ್ಲ. ಒಂದು ದೇಶಕ್ಕೆ ಆಗುವ ಮುದ್ರೆ ಇನ್ನೊಂದಕ್ಕೆ ಆಗಲೇಬೇಕೆಂದಿಲ್ಲ. ಮೊದಲು ಶಾಲೆಯನ್ನೇ ಕೇಳಬೇಕಿತ್ತು.

ಐಇಎಲ್‌ಟಿಎಸ್ ಅಂದಾಗ ಮಾತ್ರ ಹುಡುಗನಿಗೆ ಸಿಟ್ಟು ಬಂತು. "ಮೇಡಂ, ಇಂಗ್ಲಿಷ್ ಟೀಚರ್‌ಗೇ ಇಂಗ್ಲಿಷ್ ಪರೀಕ್ಷೆಯಾ?" ಫೀಸು ಅವನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ. ಟ್ಯೂಷನ್ ಹೇಳಿ ಹೊಂದಿಸಿದ. ಬೆಂಗಳೂರಿನಲ್ಲಿ ಬರೆದ. 6.5 ಬಂತು. ಮಾತಾಡುವ ಭಾಗಕ್ಕೆ 7. ಆ 7 ಅಂಕ ಯಾವ ಶಾಲೆಗಿಂತಲೂ ಹೆಚ್ಚಾಗಿ ಅವನಿಗೇ ಬೇಕಿತ್ತು ಅಂತ ಕಾಣುತ್ತದೆ. ಅದಾದಮೇಲೆ ಸ್ಟಾಫ್ ರೂಮಿನ ಹಳೇ ದನಿ ಹೋಯಿತು. ಸಿ.ವಿ. ಹೊಸದಾಗಿ ಬರೆದೆವು. ಮೊದಲ ಪ್ಯಾರಾದಲ್ಲೇ ಹಾಕಿದೆವು: ಮನೆಮಾತು ಕನ್ನಡ, ಇಂಗ್ಲಿಷ್ ಕಲಿತದ್ದು ಹತ್ತನೇ ವಯಸ್ಸಿನಿಂದ, ಎರಡನೇ ಭಾಷೆಯಾಗಿ.

ಕಾಗದ ಎಲ್ಲ ಸೇರಿದವು, ಈಗ ಮನೆಯವರು ಒಪ್ಪಲಿಲ್ಲ. 2025ರ ಮಾರ್ಚ್. ಕೆಲಸದ ಆಸೆ ತೋರಿಸಿ ಮ್ಯಾನ್ಮಾರ್‌ನ ಸೈಬರ್ ವಂಚನೆ ಅಡ್ಡೆಗಳಿಗೆ ಸಾಗಿಸಲಾಗಿದ್ದ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆ ವಿಮಾನಗಳು ಥಾಯ್ಲೆಂಡ್‌ನ ಮೇಸೋಟ್‌ನಿಂದ ಕರೆತಂದಿದ್ದವು. ಟಿ.ವಿ.ಯಲ್ಲಿ ದಿನವಿಡೀ ಅದೇ. ಅದೇ ತಿಂಗಳು 28ಕ್ಕೆ ಭೂಕಂಪ, ಬ್ಯಾಂಕಾಕ್‌ನಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿಯಿತು. "ದೇವರೇ ಎರಡು ಸಲ ಬೇಡ ಅಂತಿದಾನೆ" ಅಂದರು ಅವನಮ್ಮ.

ಭೂಕಂಪಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊದಲನೆಯದಕ್ಕೆ ಇತ್ತು. ಶಾಲೆಯ ಹೆಸರಿನ ಪತ್ರ, ಅದರ ಮೇಲೆ ನಿರ್ದೇಶಕರ ಸಹಿ, ಮುದ್ರೆ. ಪತ್ರದಲ್ಲಿದ್ದ ನಂಬರ್ ಬಿಟ್ಟು ಬೇರೆ ಕಡೆಯಿಂದ ಶಾಲೆಯ ಲ್ಯಾಂಡ್‌ಲೈನ್ ಹುಡುಕಿ ಕರೆ ಮಾಡಿದೆವು. ಅಲ್ಲಿ ಎತ್ತಿಕೊಂಡವರಿಗೆ ಇವನ ಹೆಸರಿಗಿಂತ ಮೊದಲು ಆ ಬುಸ್ಸೆನ್ನುವ ಪಾಠ ನೆನಪಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅವರು "ಟೂರಿಸ್ಟ್ ಆಗಿ ಬಾ" ಅನ್ನಲಿಲ್ಲ. "ನಾನ್-ಇಮಿಗ್ರಂಟ್ ಬಿ ವೀಸಾ ಮಾಡಿಸಿಕೊಂಡು ಬಾ" ಅಂದರು, ಅಂದರೆ ಕೆಲಸಕ್ಕೆ ಬರುವವರ ವೀಸಾ. ಕೆಲಸ ಕೊಡುವವನೇ ಟೂರಿಸ್ಟ್ ಆಗಿ ಬಾ ಅಂದರೆ ಅಲ್ಲೇ ಮಾತು ನಿಲ್ಲಿಸಿ ಅಂತ ಈಗ ನಾನು ಎಲ್ಲರಿಗೂ ಹೇಳುತ್ತೇನೆ. ಅವರಪ್ಪ ಆ ಪತ್ರವನ್ನು ಮೂರು ಸಲ ತಿರುಗಿಸಿ ನೋಡಿದರು. ಥಾಯ್ ಅಕ್ಷರ ಅವರಿಗೆ ಎಲ್ಲಿಂದ ಬರಬೇಕು? ಆದರೂ ನೋಡಿದರು. "ಸೀಲ್ ಐತೆ, ಹೋಗ್ಲಿ ಬಿಡು" ಅಂದರು.

ಆ ವರ್ಷ ಜನವರಿಯಿಂದ ಭಾರತೀಯರಿಗೆ ಥಾಯ್ ವೀಸಾ ಆನ್‌ಲೈನ್ ಆಗಿತ್ತು. ಏಪ್ರಿಲ್‌ನಲ್ಲಿ ಮನೆಯಲ್ಲೇ ಕೂತು ಅರ್ಜಿ ಹಾಕಿದ. ಮೇ ಮೊದಲ ವಾರ ಹೊರಟ.

ಈಗ

ಶಾಲೆಯವರು ಅಲ್ಲಿನ ಶಿಕ್ಷಕರ ಪರಿಷತ್ತು ಕುರುಸಫಾದಿಂದ ಎರಡು ವರ್ಷದ ತಾತ್ಕಾಲಿಕ ಅನುಮತಿ ತೆಗೆಸಿದರು, ಆಮೇಲೆ ವರ್ಕ್ ಪರ್ಮಿಟ್. ಅದು ಕೈಗೆ ಬಂದಮೇಲೆ ಕ್ಲಾಸಿಗೆ ಹೋದ. ಮಕ್ಕಳು ಕರೆಯುವುದು ಕ್ರೂ ಮಂಜು ಅಂತ. ನಮ್ಮ ಗುರುವೇ ಅಲ್ಲಿ ಕ್ರೂ ಆಗಿದ್ದಾನೆ.

ಸಂಬಳ 22 ಸಾವಿರ ಬಾತ್, ಆಗಿನ ದರದಲ್ಲಿ 55 ಸಾವಿರ ರೂಪಾಯಿಯ ಆಸುಪಾಸು. ಅದೇ ಶಾಲೆಯಲ್ಲಿ, ಅದೇ ತರಗತಿಗಳಿಗೆ ಪಾಠ ಮಾಡುವ ಬ್ರಿಟನ್‌ನವನಿಗೆ 35 ಸಾವಿರ ಬಾತ್. ಅವನಿಗೆ ಬಿ.ಎಡ್. ಇಲ್ಲ. ವ್ಯಾಕರಣದ ಪ್ರಶ್ನೆಪತ್ರಿಕೆ ತಯಾರಿಸುವುದು ಇವನೇ. ಮಂಜು ಒಂದು ಸಲ ಕೇಳಿದನಂತೆ. ನಿರ್ದೇಶಕರು ನಕ್ಕು, ಚಹಾ ಕೊಟ್ಟು ಕಳಿಸಿದರಂತೆ. ಇದನ್ನು ನಾನು ಮುಚ್ಚಿಡುವುದಿಲ್ಲ. ಹೋಗುವವರು ಇದು ಗೊತ್ತಿದ್ದೇ ಹೋಗಲಿ. ಅಮ್ಮನ ಸರ ದೀಪಾವಳಿಗೆ ಬಿಡಿಸಿಕೊಟ್ಟ. ಏಜೆಂಟ್ ತೆಗೆದುಕೊಂಡ 85 ಸಾವಿರದಲ್ಲಿ ಒಂದು ರೂಪಾಯಿಯೂ ವಾಪಸ್ ಬಂದಿಲ್ಲ.

ಮೊನ್ನೆ ಗುಬ್ಬಿ ಕಡೆಯ ಒಬ್ಬ ಹುಡುಗಿ ಅದೇ ಪ್ರಶ್ನೆ ಹಿಡಿದು ಬಂದಿದ್ದಳು. ಬಿ.ಎಡ್. ಆಗಿದೆ, ಚುರುಕು. ವಿಯೆಟ್ನಾಂಗೆ ಹೋಗಬೇಕಂತೆ. ಕೂರಿಸಿ, ಕಾಫಿ ಕೊಟ್ಟು, ಮೊದಲು ಕೇಳಿದೆ: "ಘಟಿಕೋತ್ಸವದ ಸರ್ಟಿಫಿಕೇಟ್ ತೆಗೆಸಿದ್ದೀಯೇನಮ್ಮ?"

"ಪಿಡಿಸಿ ಇದೆಯಲ್ಲ ಮೇಡಂ?" ಅಂದಳು.